ಮಾಣಿ, ಗಾಜು

ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ, ಮುಂಬಯಿಯ ಶಿವಡಿಯ ಹತ್ತಿರ, ನನ್ನ ಮುಂದೆ ಹೋಗುತ್ತಿದ್ದ ಕಾಂಕ್ರೀಟ್ ಮಿಕ್ಸರ್ ಲಾರಿಯೊಂದು ರಸ್ತೆಯ ಉಬ್ಬಿನ ಮೇಲೆ ಎತ್ತಿ ಹಾಕಿತು. ಅದರ ಹಿಂದೆ ನೇತಾಡುವ ತಗಡಿನ ದೋಣಿಯಿಂದ ಒಂದು ಚೊಂಬಿನಷ್ಟು ಸಿಮೆಂಟು ನೀರು ಹಾರಿ ನನ್ನ ಪಿಕಪ್ಪಿನ ಗಾಜಿಗೆ ಬಡಿಯಿತು. ಒಂದೇ ಚೊಂಬು. ನಾನು ವೈಪರ್ ಹಾಕಿದೆ; ಹಾಕಬಾರದಾಗಿತ್ತು. ಅದುವರೆಗೆ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿದ್ದದ್ದು ಎರಡೇ ಬೀಸಿಗೆ ಗಾಜಿನ ತುಂಬ ಸುಣ್ಣ ಬಳಿದಂತಾಯಿತು. ರಸ್ತೆಯೂ ಇಲ್ಲ, ಮಿಕ್ಸರೂ ಇಲ್ಲ. ಕಿಟಕಿಯಿಂದ ಆಮೆಯ ಹಾಗೆ ಕತ್ತು ಹೊರಗೆ ಹಾಕಿ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಹಿಂದಿನವರೆಲ್ಲ ಹಾರ್ನಿನಲ್ಲೇ ನನ್ನ ವಂಶಾವಳಿಯನ್ನು ವಿಚಾರಿಸಿ ಮುಗಿಸಿದ್ದರು. ಕುಡಿಯಲು ತಂದಿದ್ದ ಒಂದು ಲೀಟರ್ ನೀರನ್ನು ಗಾಜಿಗೆ ಸುರಿದು, ಸೀಟಿನ ಕೆಳಗಿದ್ದ ಹಳೆಯ ಬನಿಯನ್ನಿನಿಂದ ಒರೆಸಿದೆ. ಗಾಜು ತಿಳಿಯಾಯಿತು. ಆದರೆ ಚಾಲಕನ ಕಣ್ಣಿಗೆ ನೇರವಾಗಿ, ಉಗುರಿನಿಂದ ಗೀರಿದಂತೆ, ಒಂದು ಕಮಾನು ಉಳಿದುಬಿಟ್ಟಿತು. ಸಿಮೆಂಟಿನ ಜೊತೆ ಮರಳೂ ಇತ್ತಲ್ಲ, ಅದನ್ನು ವೈಪರಿನ ರಬ್ಬರು ಗಾಜಿನ ಮೇಲೆ ಅರೆದಿತ್ತು.

ಇಷ್ಟಾದರೆ ಬರೆಯುವಂಥದ್ದೇನೂ ಇರಲಿಲ್ಲ. ಕಾಡುತ್ತಿರುವುದು ಬೇರೆ. ಗಾಜು ಬೆಳ್ಳಗಾದ ಆ ಕ್ಷಣ ನಾನು ಎಡಗಡೆಯ ಸೀಟಿನತ್ತ ತಿರುಗಿದ್ದೆ. ಬಾಯಿ ತೆರೆದಿತ್ತು, ನಾಲಗೆಯ ತುದಿಯಲ್ಲಿ ಎರಡು ಶಬ್ದಗಳು ಬಂದು ನಿಂತಿದ್ದವು: ‘ಮಾಣಿ, ಗಾಜು.’ ಅಲ್ಲಿ ಯಾರೂ ಇರಲಿಲ್ಲ. ಎಷ್ಟೋ ವರ್ಷದಿಂದ ಯಾರೂ ಇಲ್ಲ. ಆ ಶಬ್ದಗಳಾದರೂ ನನ್ನವಲ್ಲ, ಅಪ್ಪಯ್ಯನವು.

ಶಿವಡಿಯ ಗಾಡಿ

ಗಾಡಿ 1951ರ ಷೆವ್ರೊಲೆ 3100. ಬಣ್ಣ ಒಂದು ಕಾಲಕ್ಕೆ ಹಸಿರು. ಈಗ ಹಸಿರೆಂದು ನಾನು ಹೇಳುತ್ತೇನೆ, ನನ್ನ ಹೆಂಡತಿ ಪಾಚಿ ಎನ್ನುತ್ತಾಳೆ. ಎರಡು ಚಪ್ಪಟೆ ಗಾಜು, ನಡುವೆ ಒಂದು ಕಡ್ಡಿ. ಆರು ಸಿಲಿಂಡರಿನ ಎಂಜಿನ್, ಆರು ವೋಲ್ಟಿನ ಬ್ಯಾಟರಿ. ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಶಿವಡಿಯಲ್ಲಿ ಒಂದು ಕಾರ್ಖಾನೆ ಹಾಕಿತ್ತು. ಅಮೆರಿಕದಿಂದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದ ಗಾಡಿಗಳನ್ನು ಇಲ್ಲಿ ಜೋಡಿಸಿ ಹೊರಗೆ ಬಿಡುತ್ತಿದ್ದರು. 1954ರಲ್ಲಿ ಅದನ್ನು ಮುಚ್ಚಿದರು. ನಮ್ಮ ಗಾಡಿ ಹುಟ್ಟಿದ್ದು ಅಲ್ಲಿ. ಭಾನುವಾರಗಳಲ್ಲಿ ನಾನು ಅತ್ತ ಹೋಗುವುದಕ್ಕೆ ಅದೇ ಕಾರಣ, ತವರಿಗೆ ಕರೆದುಕೊಂಡು ಹೋದ ಹಾಗೆ. ಜೊತೆಗೆ ಚಳಿಗಾಲದಲ್ಲಿ ಅಲ್ಲಿನ ಕೆಸರಿನಲ್ಲಿ ಫ್ಲೆಮಿಂಗೊಗಳು ಬಂದು ನಿಂತಿರುತ್ತವೆ. ಈಗ ಅವುಗಳ ತಲೆಯ ಮೇಲಿನಿಂದಲೇ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು ಹಾದುಹೋಗುತ್ತದೆ. ಆ ಸೇತುವೆ ಮುಗಿದು 2024ರ ಜನವರಿಯಲ್ಲಿ ತೆರೆದುಕೊಂಡರೂ ಅದಕ್ಕೆ ಸೇರುವ ರಸ್ತೆಗಳ ಕೆಲಸ ಮುಗಿದಿಲ್ಲ. ಮಿಕ್ಸರುಗಳು ಅಲ್ಲಿ ಸುಳಿದಾಡುವುದು ಅದಕ್ಕಾಗಿ.

ಅಪ್ಪಯ್ಯ ಇದನ್ನು ಕೊಂಡದ್ದು 1968ರಲ್ಲಿ, ಮೂರನೆಯ ಕೈಯಾಗಿ. ಮಾಟುಂಗದ ನಮ್ಮ ಹೋಟೆಲಿಗೆ ಭಾಯಖಳದ ಮಾರುಕಟ್ಟೆಯಿಂದ ತರಕಾರಿ, ತೆಂಗಿನಕಾಯಿ, ಬಾಳೆಲೆ ತರುವುದಕ್ಕೆ. ಹೋಟೆಲಿನ ಕಥೆ ಬೇಡ. ಮುಂಬಯಿಯ ಪ್ರತಿ ಎರಡನೆಯ ಕನ್ನಡಿಗನ ಮನೆಯಲ್ಲೂ ಅಂಥದೊಂದು ಕಥೆ ಇರುತ್ತದೆ, ನಮ್ಮದರಲ್ಲಿ ವಿಶೇಷವೇನಿಲ್ಲ. ಮಾರುಕಟ್ಟೆ ವಾಶಿಗೆ ಹೋಯಿತು, ಟೆಂಪೊಗಳು ಬಾಗಿಲಿಗೇ ಮಾಲು ತರತೊಡಗಿದವು, ಪಿಕಪ್ಪು ಹಿತ್ತಲಿನಲ್ಲಿ ನಿಂತಿತು. ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟಾಗಲೂ ಹಿತ್ತಲಿನ ಆ ಮೂಲೆಯನ್ನು ಮಾತ್ರ ಕೊಡುವುದಿಲ್ಲ ಎಂದು ಅಪ್ಪಯ್ಯ ಕಾಗದದಲ್ಲೇ ಬರೆಸಿದ್ದರು.

ಉಸಿರು ಕಟ್ಟುವ ವೈಪರ್

ಈ ಗಾಡಿಯ ವೈಪರಿಗೆ ಕರೆಂಟು ಇಲ್ಲ. ಎಂಜಿನ್ ಉಸಿರು ಎಳೆದುಕೊಳ್ಳುತ್ತದಲ್ಲ, ಆ ಹೀರುವ ಬಲವನ್ನೇ ಒಂದು ರಬ್ಬರು ಕೊಳವೆಯಲ್ಲಿ ತಂದು ವೈಪರನ್ನು ಅತ್ತಿತ್ತ ಆಡಿಸುತ್ತಾರೆ. ಕೇಳುವುದಕ್ಕೆ ಜಾಣತನ. ನಡೆಸುವವನಿಗೆ ಮಾತ್ರ ಗೊತ್ತು ಅದರ ಸಂಕಟ. ಆಕ್ಸಿಲರೇಟರ್ ತುಳಿದರೆ ಗಾಳಿಯ ಬಾಗಿಲು ಪೂರ್ತಿ ತೆರೆದು ಹೀರುವ ಬಲ ಇಳಿಯುತ್ತದೆ. ವೈಪರ್ ಗಾಜಿನ ನಡುವೆ ನಿಂತು ಯೋಚಿಸುತ್ತದೆ. ಕಾಲು ತೆಗೆದರೆ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತದೆ. ಅಂದರೆ ಏರು ಹತ್ತುವಾಗ ಕಾಣುವುದಿಲ್ಲ, ನಿಂತಾಗ ಬೇಕಾದಷ್ಟು ಕಾಣುತ್ತದೆ. ಶಿವ್‌ನ ಏರಿನಲ್ಲಿ ಅಪ್ಪಯ್ಯ ಹತ್ತು ಮಾರಿಗೊಮ್ಮೆ ಕಾಲು ಸಡಿಲಿಸುತ್ತಿದ್ದರು. ವೈಪರ್ ಒಮ್ಮೆ ಬೀಸುತ್ತಿತ್ತು, ಗಾಡಿ ಒಮ್ಮೆ ತಡವರಿಸುತ್ತಿತ್ತು, ಮತ್ತೆ ತುಳಿಯುತ್ತಿದ್ದರು.

ಒರೆಸುವುದು ಒಂದು ಕೆಲಸ, ತೊಳೆಯುವುದು ಇನ್ನೊಂದು. ಇದು ನಮ್ಮ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತು. ಒಣಗಿದ ಹಿಟ್ಟಿನ ಬಂಡೆಯನ್ನು ನೀರು ಹಾಕದೆ ಯಾರೂ ಒರೆಸುವುದಿಲ್ಲ. ಮೋಟಾರು ಗಾಡಿ ಮಾಡುವವರಿಗೆ ತಿಳಿಯಲು ಮಾತ್ರ ಬಹಳ ಕಾಲ ಹಿಡಿಯಿತು. ಅಲಬಾಮಾದ ಮೇರಿ ಆ್ಯಂಡರ್ಸನ್ ಎಂಬ ಹೆಂಗಸು ನ್ಯೂಯಾರ್ಕಿನ ಟ್ರಾಮಿನಲ್ಲಿ ಕುಳಿತು, ಹಿಮ ಬೀಳುವಾಗ ಚಾಲಕ ಪಡುವ ಪಾಡನ್ನು ನೋಡಿ, ಒಳಗಿನಿಂದಲೇ ಹಿಡಿಕೆ ತಿರುಗಿಸಿ ಗಾಜು ಒರೆಸುವ ಕೈಯನ್ನು ಯೋಚಿಸಿದಳು. 1903ರ ನವೆಂಬರಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದರಿಂದ ಅವಳಿಗೆ ಒಂದು ಕಾಸೂ ಹುಟ್ಟಲಿಲ್ಲ. ನೀರು ಚಿಮ್ಮಿಸುವ ವಾಷರ್ ಬಂದದ್ದು ಮೂವತ್ತಕ್ಕೂ ಹೆಚ್ಚು ವರ್ಷದ ನಂತರ. 1937ರ ಸ್ಟುಡೆಬೇಕರ್ ಕಾರಿಗೆ ಬೇಕೆಂದವರಿಗೆ ಹಾಕಿಕೊಡುತ್ತಿದ್ದರು. ಅಮೆರಿಕದಲ್ಲಿ ಅದನ್ನು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಮಾಡಿದ್ದು 1968ರ ಜನವರಿಯಿಂದ. ನಮ್ಮ ಗಾಡಿಯ ಕಾಲದಲ್ಲಿ ಅದು ಹೆಚ್ಚಿಗೆ ಹಣ ಕೊಟ್ಟು ಹಾಕಿಸಿಕೊಳ್ಳುವ ಶೋಕಿ. ಬಾನೆಟ್ಟಿನೊಳಗೆ ಒಂದು ಗಾಜಿನ ಸೀಸೆ, ಒಂದು ಕೊಳವೆ, ಗಾಜಿನ ಕೆಳಗೆ ಎರಡು ಸಣ್ಣ ಮೂತಿ.

ಬೊಂಬಾಯಿಯಲ್ಲಿ ಸಾಮಾನು ಹೊರುವ ಗಾಡಿಗೆ ಆ ಶೋಕಿ ಮಾಡಿದವರನ್ನು ನಾನು ನೋಡಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ನಮ್ಮಲ್ಲಿ ಲಾರಿಯ ಡ್ರೈವರ್ ಪಕ್ಕದಲ್ಲಿ ಕೂರುವವನಿಗೆ ಏನೆಂದು ಹೆಸರು? ಕ್ಲೀನರ್. ಆ ಶಬ್ದವನ್ನು ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದೇನೆ, ಅದರ ಅರ್ಥ ಕಿವಿಗೆ ಬಿದ್ದದ್ದು ಈ ಫೆಬ್ರುವರಿಯಲ್ಲಿ.

ಹಿಂದ್‌ಮಾತಾ, 1974

ನಮ್ಮ ಕ್ಲೀನರನ್ನು ಕ್ಲೀನರ್ ಎನ್ನುತ್ತಿರಲಿಲ್ಲ. ಕುಂದಾಪುರದ ಕಡೆಯವರ ಹೋಟೆಲು. ಎಲ್ಲ ಹುಡುಗರೂ ಮಾಣಿಗಳು. ಲೋಟ ತೊಳೆಯುವ ಮಾಣಿ, ಟೇಬಲ್ ಒರೆಸುವ ಮಾಣಿ, ರುಬ್ಬುವ ಮಾಣಿ. ಬೆಳಗಿನ ಜಾವ ಮಾರುಕಟ್ಟೆಗೆ ಬರುತ್ತಿದ್ದವನು ಗಾಡಿ ಮಾಣಿ. ನನಗಿಂತ ಎರಡು ವರ್ಷ ದೊಡ್ಡವನಿರಬಹುದು. ರಾತ್ರಿ ಶಾಲೆಗೆ ಹೋಗುತ್ತಿದ್ದ, ಆದ್ದರಿಂದ ಬೆಳಿಗ್ಗೆ ನಾಲ್ಕು ಗಂಟೆಗೆ ಅವನ ಕಣ್ಣುಗಳು ಸದಾ ಕೆಂಪಗಿರುತ್ತಿದ್ದವು. ಗಾಡಿಯ ಉದ್ದದ ಸೀಟಿನಲ್ಲಿ ಬಲಕ್ಕೆ ಅಪ್ಪಯ್ಯ, ಎಡಬಾಗಿಲಿಗೆ ಒರಗಿ ಅವನು, ಶಾಲೆಗೆ ರಜೆ ಇದ್ದ ದಿನ ನಡುವೆ ನಾನು. ಅವನ ಎರಡು ಪಾದಗಳ ನಡುವೆ ಒಂದು ಡಾಲ್ಡಾ ಡಬ್ಬ, ಅದರಲ್ಲಿ ನೀರು, ಡಬ್ಬದ ಕಂಠಕ್ಕೆ ಸುತ್ತಿದ ಬಟ್ಟೆ. ಗಾಡಿ ಎಷ್ಟೇ ಕುಲುಕಿದರೂ ನೀರು ಚೆಲ್ಲದಂತೆ ಡಬ್ಬವನ್ನು ಪಾದಗಳಲ್ಲಿ ಒತ್ತಿ ಹಿಡಿದು, ಹಾಗೆಯೇ ನಿದ್ದೆ ಮಾಡುತ್ತಿದ್ದ. ಅಪ್ಪಯ್ಯ ‘ಮಾಣಿ, ಗಾಜು’ ಎಂದರೆ ಸಾಕು. ಎಚ್ಚರವಾಗುವುದು, ಬಾಗಿಲು ತೆರೆಯುವುದು, ಫೂಟ್‌ಬೋರ್ಡಿನ ಮೇಲೆ ನಿಲ್ಲುವುದು, ನೀರು ಎರಚುವುದು, ಎಲ್ಲ ಒಂದೇ ಚಲನೆ. ಗಾಡಿ ನಿಲ್ಲುತ್ತಲೂ ಇರಲಿಲ್ಲ, ನಡಿಗೆಯ ವೇಗಕ್ಕೆ ಇಳಿಯುತ್ತಿತ್ತು, ಅಷ್ಟೇ. ಒಣ ದಿನಗಳಲ್ಲಿ ಪರಳ್, ಲಾಲ್‌ಬಾಗ್ ದಾಟುವಷ್ಟರಲ್ಲಿ ಎರಡು ಸಲವಾದರೂ ಈ ಕೆಲಸ ಇರುತ್ತಿತ್ತು. ಗಿರಣಿಗಳ ಚಿಮಣಿಗಳು ಆಗಿನ್ನೂ ಹೊಗೆ ಬಿಡುತ್ತಿದ್ದವು, ಇಬ್ಬನಿಯ ಜೊತೆ ಮಸಿ ಬಂದು ಗಾಜಿಗೆ ಅಂಟುತ್ತಿತ್ತು.

ಮಳೆಗಾಲಕ್ಕೆ ಬೇರೆ ಮದ್ದು. ಮಳೆ ಶುರುವಾಗುತ್ತಲೇ ಅಪ್ಪಯ್ಯ ಒಂದು ಬೀಡಿಯನ್ನು ಬಿಚ್ಚಿ ಹೊಗೆಸೊಪ್ಪನ್ನು ಮಾಣಿಯ ಅಂಗೈಗೆ ಹಾಕುತ್ತಿದ್ದರು. ಅವನು ಅದನ್ನು ಒದ್ದೆ ಮಾಡಿ ಗಾಜಿಗೆ ತಿಕ್ಕುತ್ತಿದ್ದ. ಆಮೇಲೆ ನೀರು ಹನಿಹನಿಯಾಗಿ ನಿಲ್ಲದೆ ತೆಳ್ಳಗಿನ ಪದರವಾಗಿ ಹರಿದು ಇಳಿಯುತ್ತಿತ್ತು, ವೈಪರ್ ಕೈ ಕೊಟ್ಟರೂ ರಸ್ತೆ ಕಾಣುತ್ತಿತ್ತು. ಬೊಂಬಾಯಿಯ ಟ್ಯಾಕ್ಸಿಯವರಿಗೆಲ್ಲ ಗೊತ್ತಿದ್ದ ಉಪಾಯ ಇದು. ಬೀಡಿ ಇಲ್ಲದ ದಿನ ಅರ್ಧ ಕೊಯ್ದ ಆಲೂಗಡ್ಡೆ. ತರಕಾರಿ ಗಾಡಿಯಲ್ಲಿ ಆಲೂಗಡ್ಡೆಗೇನು ಬರ.

1974ರ ಜುಲೈಯ ಒಂದು ಬೆಳಿಗ್ಗೆ, ಪರಳ್ ಮತ್ತು ದಾದರಿನ ನಡುವಿನ ತಗ್ಗು ಜಾಗವಾದ ಹಿಂದ್‌ಮಾತಾದಲ್ಲಿ ನೀರು ನಿಂತಿತ್ತು. ಮುಂಬಯಿಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಭಾಯಖಳದಿಂದ ಮಾಲು ತುಂಬಿಕೊಂಡು ಹಿಂದಿರುಗುತ್ತಿದ್ದೆವು, ಏಳು ಗಂಟೆಗೆ ಹೋಟೆಲಿನಲ್ಲಿ ಸಾಂಬಾರಿಗೆ ತರಕಾರಿ ಬೇಕಿತ್ತು, ನಿಲ್ಲುವಂತಿರಲಿಲ್ಲ. ನೀರಿನಲ್ಲಿ ಗಾಡಿ ನಡೆಸುವಾಗ ಆಕ್ಸಿಲರೇಟರ್ ಬಿಡಬಾರದು, ಬಿಟ್ಟರೆ ಹೊಗೆಕೊಳವೆಗೆ ನೀರು ನುಗ್ಗಿ ಎಂಜಿನ್ ಸಾಯುತ್ತದೆ. ಬಿಡದೆ ತುಳಿದರೆ ವೈಪರ್ ಸಾಯುತ್ತದೆ. ಅಪ್ಪಯ್ಯ ಎಂಜಿನ್ನನ್ನು ಉಳಿಸಿಕೊಂಡರು. ಅಷ್ಟರಲ್ಲಿ ಎದುರಿನಿಂದ ಬಂದ ಡಬಲ್‌ಡೆಕ್ಕರ್ ಬಸ್ಸು ಗಟಾರದ ನೀರನ್ನು ಅಲೆಯಾಗಿ ಎಬ್ಬಿಸಿ ನಮ್ಮ ಗಾಜಿನ ಮೇಲೆ ಹಾಕಿತು. ಹೊರಗೆ ಕಪ್ಪು, ಒಳಗೆ ಮೂವರ ಉಸಿರಿನ ಮಬ್ಬು.

‘ಮಾಣಿ, ಗಾಜು.’

ಬಾಗಿಲು ತೆರೆದರೆ ನೀರು ಒಳಗೆ ಬರುತ್ತಿತ್ತು, ಅವನು ಕಿಟಕಿಯಿಂದ ಹೊರಗೆ ತೂರಿಕೊಂಡ. ನಾನು ಡಬ್ಬ ಎತ್ತಿ ಕೊಟ್ಟೆ. ಒಂದು ಕೈ ಕಿಟಕಿಯ ಚೌಕಟ್ಟಿನಲ್ಲಿ, ಇನ್ನೊಂದು ಕೈಯಲ್ಲಿ ಬಟ್ಟೆ, ಬಾಯಲ್ಲಿ ಡಬ್ಬದ ಹಿಡಿಕೆ. ಮೊದಲು ತನ್ನ ಕಡೆಯ ಗಾಜು, ಆಮೇಲೆ ಬಾನೆಟ್ಟಿನ ಮೇಲೆ ಹೊಟ್ಟೆಯೂರಿ ಅಪ್ಪಯ್ಯನ ಕಡೆಯದು. ಒರೆಸಿದ ಜಾಗದಲ್ಲಿ ಮೊದಲು ಕಂಡದ್ದು ರಸ್ತೆಯಲ್ಲ, ಅವನ ಮುಖ. ಮುಖದ ಹಿಂದೆ ಸ್ವಲ್ಪ ಸ್ವಲ್ಪವಾಗಿ ರಸ್ತೆ. ಆದರೆ ಅದು ರಸ್ತೆಯಾಗಿರಲಿಲ್ಲ, ನೀರು. ಎಲ್ಲಿ ಮ್ಯಾನ್‌ಹೋಲಿನ ಮುಚ್ಚಳ ತೆಗೆದಿಟ್ಟಿದ್ದಾರೋ ಯಾರಿಗೆ ಗೊತ್ತು. ಅವನು ಬಾನೆಟ್ಟಿನಿಂದ ಇಳಿದ, ತೊಡೆಯವರೆಗೆ ನೀರು, ಹಿಂದಿನಿಂದ ತೆಂಗಿನ ಕಡ್ಡಿಯ ಪೊರಕೆಯೊಂದನ್ನು ಎಳೆದುಕೊಂಡು ಅದರ ಬುಡದಿಂದ ನೆಲ ತಡವುತ್ತ ಗಾಡಿಯ ಮುಂದೆ ನಡೆದ. ಅಪ್ಪಯ್ಯ ಅವನ ಬೆನ್ನನ್ನೇ ನೋಡುತ್ತ ಗಾಡಿ ಬಿಟ್ಟರು. ದಾದರಿನ ಏರು ಬರುವವರೆಗೂ ಹಾಗೆಯೇ. ನಾನು ಒಳಗೆ ಒಣಗಿದ ಬಟ್ಟೆಯಲ್ಲಿ ಕುಳಿತು, ಖಾಲಿ ಡಬ್ಬವನ್ನು ಅವನ ಹಾಗೆಯೇ ಪಾದಗಳಲ್ಲಿ ಒತ್ತಿ ಹಿಡಿದಿದ್ದೆ. ನನಗೆ ಆ ದಿನ ಬಹಳ ಖುಷಿಯಾಗಿತ್ತು. ಇದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ಸಾಹಸ ಎಂದುಕೊಂಡಿದ್ದೆ.

ಮೂಲ ರೂಪ ಎಂದರೆ

ಸಿಮೆಂಟಿನ ಪ್ರಕರಣದ ನಂತರ ವಾಷರ್ ಹಾಕಿಸಲೇಬೇಕೆಂದು ಹೊರಟೆ. ಹಳೆಯ ಗಾಡಿಗಳ ಹುಚ್ಚಿನ ಗೆಳೆಯರೊಬ್ಬರಿದ್ದಾರೆ, ಅವರ ಗ್ಯಾರೇಜು ನಮ್ಮ ಮನೆಯ ಹಾಲಿಗಿಂತ ಚೊಕ್ಕಟ. ಅವರು ಹೌಹಾರಿದರು. ದೇಶದಲ್ಲಿ 2021ರಿಂದ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಬಂದಿದೆ: ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿ ಇರಬೇಕು, ಗಣನೀಯವಾಗಿ ಬದಲಾಯಿಸಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಸಂಖ್ಯೆಯ ನಡುವೆ ‘ವಿಎ’ ಎಂಬ ಅಕ್ಷರಗಳು. ದಿನನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. (ನಮ್ಮ ಗಾಡಿಯ ಹೊಟ್ಟೆ ಎಷ್ಟು ದೊಡ್ಡದೆಂದರೆ ಪೆಟ್ರೋಲ್ ಹಾಕಿಸಿ ಬರುವುದರೊಳಗೆ ಮತ್ತೆ ಪೆಟ್ರೋಲ್ ಹಾಕಿಸಬೇಕಾಗುತ್ತದೆ. ಹೀಗಾಗಿ ನಿಯಮ ನನಗೆ ಅಷ್ಟೇನೂ ತೊಡಕಲ್ಲ.) ಒಂದು ವಾಷರಿನಿಂದ ಮೂಲ ರೂಪ ಕೆಡುತ್ತದೆ ಎಂದು ಯಾವ ಸರಕಾರವೂ ಹೇಳಲಿಕ್ಕಿಲ್ಲ. ಗೆಳೆಯರು ಹೇಳಿದ್ದು ಸರಕಾರದ ಮಾತಲ್ಲ, ತಮ್ಮ ಧರ್ಮದ ಮಾತು: ‘ಎಪ್ಪತ್ತು ವರ್ಷದಲ್ಲಿ ಯಾರೂ ಮಾಡದ ತೂತನ್ನು ನೀವು ಮಾಡುತ್ತೀರಾ?’

ಅವರ ಮಾತು ನನ್ನನ್ನು ಒಂದು ವಾರ ಹಿಡಿದು ನಿಲ್ಲಿಸಿದ್ದು ನಿಜ. ಬಾನೆಟ್ಟಿನ ಹಿಂದಿನ ತಗಡಿನಲ್ಲಿ ಡ್ರಿಲ್ ಇಳಿಸುವುದೆಂದರೆ ಅಪ್ಪಯ್ಯನ ಬೆನ್ನಿಗೆ ಸೂಜಿ ಚುಚ್ಚಿದಂತೆ ಅನಿಸಿತು. ಆದರೆ ಮೂಲ ಎಂದರೆ ಯಾವುದು? ಪೆಟ್ಟಿಗೆಯಿಂದ ತೆಗೆದು ಜೋಡಿಸಿದ ದಿನ ಇದ್ದದ್ದೇ? ಈ ಗಾಡಿ ಕೆಲಸ ಮಾಡಿದಷ್ಟು ಕಾಲವೂ ಇದಕ್ಕೆ ವಾಷರ್ ಇತ್ತು. ಅದು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬರುತ್ತಿತ್ತು, ರಾತ್ರಿ ಶಾಲೆಗೆ ಹೋಗುತ್ತಿತ್ತು, ಅದರ ಸಂಬಳ ಗಾಡಿಯ ಖರ್ಚಿನ ಕಾಲಮ್ಮಿನಲ್ಲಿ ಬರೆದಿರುತ್ತಿತ್ತು. ಗೆಳೆಯರು ಕಾಪಾಡಬೇಕೆನ್ನುವ ಆ ತೂತಿಲ್ಲದ ತಗಡು ಹಾಗೆ ಉಳಿದದ್ದು ಆ ಹುಡುಗನ ದೆಸೆಯಿಂದ. ತೂತು ಮಾಡುವುದಕ್ಕಿಂತ ಮಾಣಿ ಅಗ್ಗ.

ಕಾಲಮ್ಮಿನ ಮಾತು ಊಹೆಯಲ್ಲ. ಅಪ್ಪಯ್ಯನ ಲೆಕ್ಕದ ಪುಸ್ತಕಗಳು ನಮ್ಮ ಚೆಂಬೂರಿನ ಮನೆಯ ಅಟ್ಟದಲ್ಲಿವೆ. ಆ ವಾರ ಇಳಿಸಿ ನೋಡಿದೆ. ಹೆಸರು ಸಿಗಬಹುದೆಂಬ ಆಸೆ. ‘ಗಾಡಿ, ಪೆಟ್ರೋಲ್.’ ‘ಗಾಡಿ, ಪಂಕ್ಚರ್.’ ‘ಗಾಡಿ ಮಾಣಿ, ಚಪ್ಪಲಿ, 4.50.’ ‘ಗಾಡಿ ಮಾಣಿ, ಜ್ವರದ ಮಾತ್ರೆ.’ 1977ರ ಮೇ ತಿಂಗಳಲ್ಲಿ ‘ಗಾಡಿ ಮಾಣಿಗೆ ಊರಿಗೆ ಹೋಗಲು, 60.’ ಆಮೇಲೆ ಒಂದು ತಿಂಗಳು ಏನೂ ಇಲ್ಲ. ಜೂನ್ ಕೊನೆಗೆ ಮತ್ತೆ ‘ಗಾಡಿ ಮಾಣಿ’ ಬರುತ್ತದೆ, ಆದರೆ ಅದು ಬೇರೆ ಹುಡುಗ. ಅವನು ಎಡಗೈಯವನು, ಡಬ್ಬ ಚೆಲ್ಲುತ್ತಿದ್ದ, ನನಗೆ ನೆನಪಿದೆ. ಅವನ ಹೆಸರೂ ನೆನಪಿಲ್ಲ. ಮೊದಲಿನವನ ಹೆಸರನ್ನು ಅಮ್ಮನಲ್ಲಿ ಕೇಳಿದೆ. ತೊಂಬತ್ತರ ಹತ್ತಿರದ ಅಮ್ಮ ಬಹಳ ಹೊತ್ತು ಯೋಚಿಸಿ, ‘ಬೈಂದೂರಿನ ಕಡೆಯವನು, ಸಾಧು’ ಎಂದರು. ಗಾಡಿಯ ಎಂಜಿನ್ ನಂಬರು ನನಗೆ ಬಾಯಿಪಾಠ ಬರುತ್ತದೆ.

ಸೋಡಾ ಬಾಟಲಿ ಮತ್ತು ರಕ್ತದೊತ್ತಡ

ತೂತು ಮಾಡದೆ ವಾಷರ್ ಹಾಕುವುದು ಹೇಗೆ? ಕುರ್ಲಾದ ನಮ್ಮ ಮಿಸ್ತ್ರಿಗೆ ಎಪ್ಪತ್ತು ದಾಟಿದೆ, ಮಾತು ಕಡಿಮೆ. ಮೊದಲು ಗುಜರಿಯಿಂದ ಈಗಿನ ಕಾರಿನ ವಾಷರ್ ಮೋಟರ್ ತಂದರು. ಅದು ಹನ್ನೆರಡು ವೋಲ್ಟಿನದು, ನಮ್ಮದು ಆರು. ಜೋಡಿಸಿ ಗುಂಡಿ ಒತ್ತಿದರೆ ನೀರು ಗಾಜಿನ ಬುಡಕ್ಕೆ ಬಂದು, ಎಳೆಮಗು ಉಚ್ಚೆ ಹೊಯ್ದಂತೆ, ಅಲ್ಲೇ ಮುದುರಿ ಬಿತ್ತು. ಅದಕ್ಕಾಗಿ ಇನ್ನೊಂದು ಬ್ಯಾಟರಿ ಇಡಬಹುದು ಎಂದರು. ಒಂದು ಗುಕ್ಕು ನೀರಿಗೆ ಒಂದು ಬ್ಯಾಟರಿ! ಬೇಡವೆಂದೆ. ನಾನು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಕಥೆ ಹೇಳಿದೆ. ಅದರಲ್ಲಿ ಸ್ಟೆಪ್ನಿ ಚಕ್ರದ ಗಾಳಿಯನ್ನೇ ಕೊಳವೆಯಲ್ಲಿ ತಂದು ನೀರಿನ ಡಬ್ಬಕ್ಕೆ ಕೊಡುತ್ತಿದ್ದರು, ಗಾಳಿ ಒತ್ತಿದರೆ ನೀರು ಚಿಮ್ಮುತ್ತಿತ್ತು, ಮೋಟರ್ ಬೇಡ, ಕರೆಂಟ್ ಬೇಡ. ಮಿಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಶೇಟ್, ಮನೆಯಲ್ಲಿ ಬಿ.ಪಿ. ನೋಡುವ ಹಳೆಯ ಮಿಷನ್ ಇದೆಯೇ?’ ಎಂದರು.

ಇತ್ತು. ಅಪ್ಪಯ್ಯನ ಕೊನೆಯ ವರ್ಷಗಳ ಪಾದರಸದ ಯಂತ್ರ, ಬೂದು ಬಣ್ಣದ ಪೆಟ್ಟಿಗೆಯಲ್ಲಿ. ಪಾದರಸದ ಗಾಜನ್ನು ಮುಟ್ಟಲು ಬಿಡದೆ ಮಿಸ್ತ್ರಿ ಅಂಗೈಯಲ್ಲಿ ಹಿಸುಕಿ ಗಾಳಿ ತುಂಬುವ ರಬ್ಬರಿನ ಬುಗುಟನ್ನು ಮಾತ್ರ ಬಿಚ್ಚಿಕೊಂಡರು. ಯೋಚಿಸಿದರೆ ಅದಕ್ಕಿಂತ ಒಳ್ಳೆಯ ಪಂಪು ಇಲ್ಲ. ಗಾಳಿ ಒಳಗೆ ಬರಲು ಒಂದು ವಾಲ್ವ್, ಹಿಂದಕ್ಕೆ ಹೋಗದಂತೆ ಇನ್ನೊಂದು, ಬೇಡವಾದಾಗ ಒತ್ತಡ ಬಿಡಲು ತಿರುಪು. 300 ಮಿಲಿಮೀಟರ್ ಪಾದರಸವೆಂದರೆ ನಾಲ್ಕು ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಗಾಜಿನ ಬುಡ ಬಾಟಲಿಯಿಂದ ಒಂದು ಮೀಟರ್ ಮೇಲೆ ಅಷ್ಟೆ. ನಾನು ಹಳೆಯ ಕಾಲದ ಠೀವಿಗಾಗಿ ಹಾರ್ಲಿಕ್ಸಿನ ಗಾಜಿನ ಬಾಟಲಿ ಕೊಟ್ಟಿದ್ದೆ. ಮುಚ್ಚಳದ ಸಂದಿನಲ್ಲಿ ಗಾಳಿ ಸೋರಿತು; ಒತ್ತಡ ತುಂಬುವ ವಸ್ತು ಗಾಜಿನದಿರಬಾರದು ಎಂದು ಮಿಸ್ತ್ರಿ ಬೈದರು ಕೂಡ. ಅದರ ಜಾಗಕ್ಕೆ ಪ್ಲಾಸ್ಟಿಕ್ಕಿನ ಸೋಡಾ ಬಾಟಲಿ ಬಂತು. ಸೋಡಾದ ಒತ್ತಡವನ್ನೇ ತಡೆಯುವಂಥದ್ದು ನನ್ನ ಅಂಗೈಯ ಒತ್ತಡಕ್ಕೆ ಹೆದರುತ್ತದೆಯೇ?

ಉಳಿದದ್ದು ಕ್ರಾಫರ್ಡ್ ಮಾರ್ಕೆಟ್ಟಿನ ಮೀನಿನ ಅಂಗಡಿಯಿಂದ. ತಿನ್ನುವ ಮೀನಲ್ಲ, ಸಾಕುವ ಮೀನು. ಅಕ್ವೇರಿಯಮ್ಮಿಗೆ ಗಾಳಿ ಬಿಡುವ ತೆಳ್ಳಗಿನ ಪೈಪು, ಒಂದು ಪುಟ್ಟ ನಲ್ಲಿ, ಪೈಪನ್ನು ಎರಡು ಕಡೆಗೆ ಒಡೆಯುವ ಒಂದು ಟೀ ಜಾಯಿಂಟ್, ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಎರಡು ವಾಲ್ವ್. ಈ ವಾಲ್ವ್ ಇಲ್ಲದಿದ್ದರೆ ಪ್ರತಿ ಸಲವೂ ಪೈಪಿನ ನೀರೆಲ್ಲ ಬಾಟಲಿಗೆ ಮರಳಿ, ಮೊದಲ ಹತ್ತು ಒತ್ತು ಬರಿಯ ಗಾಳಿಗೇ ಹೋಗುತ್ತದೆ. ಪೈಪನ್ನು ಸ್ಪೀಡೊಮೀಟರ್ ತಂತಿ ಹೋಗುವ ರಬ್ಬರಿನ ಸಂದಿನಲ್ಲಿ ತೂರಿಸಿ, ವೈಪರಿನ ಕೈಗುಂಟ ಕಪ್ಪು ದಾರದಲ್ಲಿ ಕಟ್ಟಿದರು. ನೀರು ಬೀಳುವುದು ರಬ್ಬರಿನ ಪಕ್ಕದಲ್ಲೇ. ತಗಡಿಗೆ ಒಂದು ತೂತೂ ಇಲ್ಲ. ಬೇಡವೆಂದರೆ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಬಿಚ್ಚಬಹುದು. ಗೆಳೆಯರು ಬಂದು ಬಗ್ಗಿ ನೋಡಿ, ‘ಇದೇನು, ಗಾಡಿಯನ್ನು ಐಸಿಯುಗೆ ಸೇರಿಸಿದ್ದೀರಿ’ ಎಂದರು. ಆಕ್ಷೇಪ ಎತ್ತಲಿಲ್ಲ.

ಬಾಟಲಿ ಇಡಲು ಜಾಗ ಹುಡುಕಿದೆವು. ಬಾನೆಟ್ಟಿನೊಳಗೆ ಎಂಜಿನ್ನಿನ ಶಾಖ, ಸೀಟಿನ ಹಿಂದೆ ಪೆಟ್ರೋಲ್ ಟ್ಯಾಂಕು, ನನ್ನ ಕಾಲಿನ ಹತ್ತಿರ ಮೂರು ಪೆಡಲುಗಳು. ಉಳಿದದ್ದು ಎಡಗಡೆಯ ಕಾಲಿಡುವ ಜಾಗ. ಬಾಗಿಲಿನ ಪಕ್ಕದಲ್ಲಿ ನೆಲದ ತಗಡು ಒಂದು ಅಂಗೈಯಗಲದಷ್ಟು ಸವೆದು ತಗ್ಗಾಗಿದೆ, ದುಂಡಗೆ. ಬಾಟಲಿ ಅಲ್ಲಿ ತಾನಾಗಿಯೇ ಹೋಗಿ ಕುಳಿತುಕೊಂಡಿತು. ಮಿಸ್ತ್ರಿ ಕ್ಲಿಪ್ಪು ಹಾಕಲು ಹೊರಟವರು ಅಲ್ಲಾಡಿಸಿ ನೋಡಿ, ಬೇಕಾಗಿಲ್ಲ ಎಂದು ಕೈಬಿಟ್ಟರು.

ನೀರಿಗೆ ಏನು ಬೆರೆಸಬೇಕೆಂಬುದು ಇನ್ನೊಂದು ಕಥೆ. ಅಂಟುವಾಳ ಹಾಕಿದರೆ ಗಾಜಿಗೂ ಬಣ್ಣಕ್ಕೂ ಒಳ್ಳೆಯದೆಂದು ಹೆಂಡತಿ ಹೇಳಿದಳು. ಹಾಕಿದೆ, ಎರಡನೆಯ ದಿನ ಅದರ ಗಷ್ಟು ಪೈಪಿನ ಮೂತಿಗೆ ಕಟ್ಟಿ, ನಾನು ಹಿಸುಕಿದ ಒತ್ತಡಕ್ಕೆ ಟೀ ಜಾಯಿಂಟ್ ಕಳಚಿ ನೀರೆಲ್ಲ ನನ್ನ ಪ್ಯಾಂಟಿಗೆ ಬಂತು. ಈಗ ಬಟ್ಟೆಯಲ್ಲಿ ಎರಡು ಸಲ ಸೋಸುತ್ತೇನೆ. ಬೋರ್‌ವೆಲ್ ನೀರು ಬೇಡ, ಒಣಗಿದರೆ ಬಿಳಿ ಕಲೆ.

ಕಳೆದ ಭಾನುವಾರ ಮೊದಲ ಮಳೆ. ಮೊದಲ ಮಳೆಯಂಥ ಕೊಳಕು ಇನ್ನೊಂದಿಲ್ಲ. ಎಂಟು ತಿಂಗಳ ಧೂಳು, ರಸ್ತೆಯ ಎಣ್ಣೆ, ಮೆಟ್ರೊ ಕೆಲಸದ ಮಣ್ಣು ಎಲ್ಲ ಒಟ್ಟಿಗೆ ಎದ್ದು ಗಾಜಿಗೆ ಬರುತ್ತದೆ. ಹೊರಡುವ ಮೊದಲೇ ಬುಗುಟನ್ನು ಇಪ್ಪತ್ತು ಸಲ ಹಿಸುಕಿ ಒತ್ತಡ ತುಂಬಿಸಿಟ್ಟಿದ್ದೆ. ಹಿಂದ್‌ಮಾತಾದಲ್ಲಿ ಈಗ ಮೇಲ್ಸೇತುವೆ ಇದೆ, ನಾನು ಬೇಕೆಂದೇ ಕೆಳಗಿನ ರಸ್ತೆ ಹಿಡಿದೆ. ಮುಂದಿನ ಟೆಂಪೊ ಕೆಸರು ಎರಚಿತು. ಕೈ ಚಾಚಿ ನಲ್ಲಿ ತಿರುಗಿಸಿದೆ. ಬುಸ್ಸೆಂದು ಸದ್ದಾಯಿತು, ಪೈಪು ನಡುಗಿತು, ನೀರು ಬಂತು. ಪೂರ್ತಿ ಎಡಗಡೆಯ ಗಾಜಿಗೆ. ಬಾಟಲಿ ಆ ಕಡೆ ಇರುವುದರಿಂದ ಅತ್ತಣ ಪೈಪು ಗಿಡ್ಡ, ನನ್ನ ಕಡೆಯದು ಉದ್ದ. ನೀರು ಸುಲಭದ ದಾರಿ ಹಿಡಿದಿತ್ತು. ಎಡಗಡೆಯ ವೈಪರ್ ಎರಡೇ ಬೀಸಿಗೆ ಅಲ್ಲಿನ ಗಾಜನ್ನು ಕನ್ನಡಿ ಮಾಡಿತು. ನನ್ನ ಮುಂದೆ ಕೆಸರು ಹಾಗೆಯೇ ಇತ್ತು. ಬಾಗಿ, ಖಾಲಿ ಸೀಟಿನ ಮೇಲೆ ಅರ್ಧ ಒರಗಿ, ಆ ಕಡೆಯ ಗಾಜಿನಿಂದ ರಸ್ತೆ ನೋಡುತ್ತ ದಾದರಿನವರೆಗೆ ಬಂದೆ. ಉದ್ದದ ಪೈಪಿಗೆ ಬೇರೆ ನಲ್ಲಿ ಇಡಬೇಕು ಎಂದು ಮಿಸ್ತ್ರಿ ಹೇಳಿದ್ದಾರೆ. ಮುಂದಿನ ಶುಕ್ರವಾರ ಬಿಡುವಿದೆಯಂತೆ.